ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಡಚ್ಚರ ಊರು, ಡಚ್ಚರ ಹೆಸರು

ನೆದರ್ಲೆಂಡ್ಸ್‌ನವರು ಸಮುದ್ರದ ನೀರನ್ನು ತಡೆದು ನೆಲ ಮಾಡಿಕೊಂಡ ಬಗೆಯ ಕುರಿತು ಹೋದ ಸಂಚಿಕೆಯಲ್ಲಿ ಒಂದು ಲೇಖನ ಬಂದಿತ್ತು. ಜತೆಗೆ ಕೊಟ್ಟಿದ್ದ ನಕಾಶೆ ನೋಡಿದ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಕೇಳಿದ್ದೆಲ್ಲ ಊರ ಹೆಸರುಗಳ ಬಗ್ಗೆಯೇ. ಒಂದೇ ಥರದ ಪತ್ರಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಆಮ್‌ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್, ಎಡಾಮ್, ಝಾನ್‌ಡಾಮ್... ಎಲ್ಲದರ ಬಾಲಕ್ಕೂ ಡ್ಯಾಮ್ ಇದೆ. ಇದು ನಮ್ಮ ನವಿಲುತೀರ್ಥದ ಡ್ಯಾಮ್ ಇದ್ದಂಥ ಡ್ಯಾಮೇ? ಒಂದು ಒಡ್ಡು ಕಟ್ಟಿದ ಮಾತ್ರಕ್ಕೆ ಊರು ಬೆಳೆಯುವುದು ಹೇಗೆ?
— ವಿದ್ಯಾನಗರ, ಹುಬ್ಬಳ್ಳಿ

ಮಾತು ಅದೇ, ಕೆಲಸ ಬೇರೆ. ನವಿಲುತೀರ್ಥದ ಅಣೆಕಟ್ಟು ಮಲಪ್ರಭೆಯ ನೀರನ್ನು ಕೂಡಿಡುತ್ತದೆ. ಡಚ್ಚರ ಹಳೆಯ ಒಡ್ಡುಗಳು ಕಟ್ಟಿದ್ದು ಸಮುದ್ರದ ನೀರು ಒಳಗೆ ಬಾರದಂತೆ. ಹೊಳೆ ಸಮುದ್ರ ಸೇರುವ ಬಾಯಿಗೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿ, ನಡುವೆ ತೂಬು ಇಡುತ್ತಿದ್ದರು. ಇಳಿತದ ಹೊತ್ತಿಗೆ ತೂಬು ತೆರೆದರೆ ಹೊಳೆಯ ನೀರು ಹೊರಹೋಗುತ್ತದೆ, ಭರತ ಬಂದಾಗ ಮುಚ್ಚಿದರೆ ಉಪ್ಪುನೀರು ಹೊರಗೇ ನಿಲ್ಲುತ್ತದೆ.

ಈ ಒಡ್ಡುಗಳ ಅಗತ್ಯ ಬಿದ್ದದ್ದು ಒಕ್ಕಲುತನದಿಂದಲೇ. ಪಶ್ಚಿಮ ನೆದರ್ಲೆಂಡ್ಸ್‌ನ ನೆಲ ಬಹುಪಾಲು ಪೀಟ್, ಅಂದರೆ ನೀರಿನಲ್ಲಿ ಸಾವಿರಾರು ವರ್ಷ ಪೂರ್ತಿ ಕೊಳೆಯದೆ ಉಳಿದ ಗಿಡ-ಪಾಚಿಯ ದಪ್ಪ ಪದರ. ಹನ್ನೊಂದನೆಯ ಶತಮಾನದ ಹೊತ್ತಿಗೆ ರೈತರು ಅಲ್ಲಿ ಸಾಲುಗಾಲುವೆ ತೋಡಿ ನೀರು ಬಸಿದು ಬೇಸಾಯಕ್ಕಿಳಿದರು. ನೀರು ಬಸಿದ ಪೀಟ್ ಕುಗ್ಗುತ್ತದೆ, ಗಾಳಿ ತಾಕಿದ ಮೇಲೆ ಕೊಳೆತು ಇನ್ನಷ್ಟು ತಗ್ಗುತ್ತದೆ. ಮೊದಲು ಸಮುದ್ರಕ್ಕಿಂತ ಎತ್ತರದಲ್ಲಿದ್ದ ಹೊಲಗಳು ಕೆಲವು ತಲೆಮಾರುಗಳಲ್ಲಿ ಭರತದ ನೀರಿನ ಮಟ್ಟಕ್ಕಿಳಿದವು. ಆಮೇಲೆ ಹೊಳೆಬಾಯಿ ಕಟ್ಟದೆ ಗತಿ ಇರಲಿಲ್ಲ.

ಊರು ಹುಟ್ಟಿದ್ದು ಆ ಒಡ್ಡಿನ ಮೇಲೆ. ಸಮುದ್ರದಿಂದ ಬಂದ ಹಡಗು ಒಡ್ಡು ದಾಟಲಾರದು. ಸರಕನ್ನು ಅಲ್ಲೇ ಇಳಿಸಿ ಒಳನಾಡಿನ ದೋಣಿಗೆ ಏರಿಸಬೇಕು. ಹಮಾಲರು, ತೂಕದವರು, ಉಗ್ರಾಣದವರು, ಸುಂಕದವರು ಎಲ್ಲರೂ ಒಂದೇ ಕಡೆ ನೆಲೆಯೂರಿದರು. ಆಮ್‌ಸ್ಟರ್‌ಡ್ಯಾಮ್‌ನ ಹೆಸರು ಬರಹದಲ್ಲಿ ಮೊದಲು ಸಿಗುವುದು ಸುಂಕದ ವಿಷಯದಲ್ಲೇ. 1275ರ ಅಕ್ಟೋಬರ್ 27ರಂದು ಹಾಲೆಂಡಿನ ಕೌಂಟ್ (ನಾಡೊಡೆಯ) ಐದನೆಯ ಫ್ಲೋರಿಸ್, ಆಮ್‌ಸ್ಟೆಲ್ ಹೊಳೆಯ ಒಡ್ಡಿನ ಬಳಿ ವಾಸಿಸುವ ಜನರಿಗೆ ಸುಂಕ ಮಾಫಿ ಮಾಡಿದ. ಅಲ್ಲಿ ಬರೆದಿರುವುದು ‘ಆಮೆಸ್ಟೆಲ್ಲೆದಾಮ್ಮೆ’. ‘ಆಮೆ’ ಎಂದರೆ ನೀರು, ‘ಸ್ಟೆಲ್ಲೆ’ ಎಂದರೆ ನೆಲೆ. ನಗರದ ನಡುವಿನ ಚೌಕವನ್ನು ಜನ ಇಂದಿಗೂ ‘ಡಾಮ್’ ಎಂದೇ ಕರೆಯುತ್ತಾರೆ. ಆ ಚೌಕ ಇರುವುದು ಹಳೆಯ ಒಡ್ಡಿನ ಜಾಗದಲ್ಲೇ.

ಉಳಿದವನ್ನು ಇದೇ ಲೆಕ್ಕದಲ್ಲಿ ಬಿಡಿಸಿ. ರಾಟರ್‌ಡ್ಯಾಮ್ ರೊಟ್ಟೆ ಹೊಳೆಯ ಒಡ್ಡು, ಸುಮಾರು 1270ರದು. ಸ್ಖೀಡಾಮ್ ಸ್ಖೀ ಹೊಳೆಯದು, ಝಾನ್‌ಡಾಮ್ ಝಾನ್ ಹೊಳೆಯದು. ಚೀಸ್‌ಗೆ ಹೆಸರಾದ ಎಡಾಮ್, ‘ಎ’ ಎಂಬ ಒಂದಕ್ಷರದ ಹೊಳೆಯ ಒಡ್ಡು. ಮೊನ್ನಿಕೆನ್‌ಡಾಮ್‌ನಲ್ಲಿ ಹೊಳೆಯ ಹೆಸರಿಲ್ಲ, ಅದು ‘ಸನ್ಯಾಸಿಗಳ ಒಡ್ಡು’. ವೊಲೆನ್‌ಡಾಮ್‌ನ ಕತೆ ಇವೆಲ್ಲಕ್ಕಿಂತ ಬೇರೆ. 1357ರಲ್ಲಿ ಎಡಾಮ್‌ನವರು ಸಮುದ್ರಕ್ಕೆ ಹೊಸ ಕಾಲುವೆ ತೋಡಿಕೊಂಡರು. ಬೇಡವಾದ ಹಳೆಯ ಬಂದರಿಗೆ ಒಡ್ಡು ಹಾಕಿ ಮಣ್ಣು ತುಂಬಿದರು. ‘ತುಂಬಿದ ಒಡ್ಡು’ ಎಂಬುದೇ ಅಲ್ಲಿ ನೆಲೆಸಿದ ಊರಿನ ಹೆಸರಾಯಿತು.

ಮಗಳಿಗೆ ದಿ ಹೇಗ್‌ನಲ್ಲಿ ಓದಲು ಸೀಟು ಸಿಕ್ಕಿದೆ. ಒಂದು ಕಾಗದದಲ್ಲಿ ‘ಡೆನ್ ಹಾಗ್’ ಅಂತಿದೆ, ಇನ್ನೊಂದರಲ್ಲಿ ‘ಸ್-ಗ್ರಾವೆನ್‌ಹಾಗೆ’. ಎರಡು ಊರೇ? ಅರ್ಜಿಯಲ್ಲಿ ಯಾವುದನ್ನು ಬರೆಯಬೇಕು?
— ಸಪ್ತಾಪುರ, ಧಾರವಾಡ

ಒಂದೇ ಊರು. ಉದ್ದ ಹೆಸರಿನ ಅರ್ಥ ‘ಕೌಂಟನ ಬೇಲಿ’, ಅಂದರೆ ಹಾಲೆಂಡಿನ ಕೌಂಟ್ ಬೇಟೆಗೆಂದು ಬೇಲಿ ಹಾಕಿ ಕಾದಿಟ್ಟ ಕಾಡು. ಮೊದಲಿನ ‘ಸ್’ ಹಳೆಯ ಡಚ್ಚಿನ ‘ದೆಸ್’ ಎಂಬ ಷಷ್ಠೀ ರೂಪದಲ್ಲಿ ಉಳಿದ ಚೂರು. ಸ್-ಹೆರ್ತೊಖೆನ್‌ಬೊಸ್ ಎಂಬ ನಗರದ್ದೂ ಹೀಗೇ: ‘ಡ್ಯೂಕನ ಕಾಡು’. ಅದನ್ನು ಆಡುಮಾತಿನಲ್ಲಿ ಡೆನ್ ಬೊಸ್ ಎನ್ನುತ್ತಾರೆ.

1990ರಲ್ಲಿ ನಗರಸಭೆ ತನ್ನ ಬಳಕೆಗೆ ಡೆನ್ ಹಾಗ್ ರೂಪವನ್ನು ಆರಿಸಿಕೊಂಡಿತು. ಉದ್ದನೆಯ ರೂಪ ದಾಖಲೆಗಳಲ್ಲಿ ಇನ್ನೂ ಇದೆ. ಅರ್ಜಿಯಲ್ಲಿ ಡೆನ್ ಹಾಗ್ ಎಂದು ಬರೆದರೆ ಸಾಕು. ಉದ್ದ ರೂಪ ಹಾಕಲೇಬೇಕಾದಾಗ ಮೇಲುಚುಕ್ಕೆ (ಅಪಾಸ್ಟ್ರಫಿ), ಎಸ್, ಅಡ್ಡಗೆರೆ ಮೂರೂ ಇರಲಿ. ವಾಕ್ಯದ ಮೊದಲಲ್ಲೂ ಎಸ್ ಸಣ್ಣಕ್ಷರವೇ, ಅಡ್ಡಗೆರೆಯ ಮುಂದಿನ ಜಿ ಮಾತ್ರ ದೊಡ್ಡದು. ಹಲವು ಆನ್‌ಲೈನ್ ಅರ್ಜಿಗಳು ಮೇಲುಚುಕ್ಕೆಯನ್ನು ಒಪ್ಪದೆ ದೋಷ ತೋರಿಸುತ್ತವೆ. ಹೆಸರು ಹುಡುಕುವಾಗ ಅದು ಒಂದು ಪಟ್ಟಿಯಲ್ಲಿ ಎಸ್ ಅಕ್ಷರದಡಿ, ಇನ್ನೊಂದರಲ್ಲಿ ಜಿ ಅಡಿ ಕಾಣಬಹುದು. ಎರಡೂ ಕಡೆ ನೋಡಿ.

ವಿಳಾಸದಲ್ಲಿ ನಿಜವಾಗಿ ಕೆಲಸ ಮಾಡುವುದು ಪಿನ್‌ಕೋಡ್. ಅಲ್ಲಿ ಅದು ನಾಲ್ಕು ಅಂಕಿ, ಎರಡು ಅಕ್ಷರ. 1978ರಲ್ಲಿ ಬಂದ ಪದ್ಧತಿ. ಕೋಡ್ ಮತ್ತು ಮನೆಸಂಖ್ಯೆ ಸರಿಯಿದ್ದರೆ ಊರ ಹೆಸರನ್ನು ಯಾವ ರೂಪದಲ್ಲಿ ಬರೆದರೂ ಪತ್ರ ತಲುಪುತ್ತದೆ. ಒಂದೇ ಹೆಸರಿನ ಊರುಗಳು ಅಲ್ಲೂ ಇವೆ, ಆಗ ಕೋಡ್ ಇನ್ನೂ ಮುಖ್ಯ. ಹೆಂಗೆಲೊ ಎಂಬ ಹೆಸರು ಓವರ್‌ಐಸೆಲ್ ಪ್ರಾಂತದಲ್ಲೂ ಗೆಲ್ಡರ್‌ಲೆಂಡ್ ಪ್ರಾಂತದಲ್ಲೂ ಇದೆ.

ಝೂಟರ್‌ಮೇರ್, ಹಾರ್ಲೆಮ್ಮರ್‌ಮೇರ್ ಅಂತ ನಕಾಶೆಯಲ್ಲಿದೆ. ‘ಮೇರ್’ ಅಂದರೆ ಸಮುದ್ರ ಅಂತ ನನ್ನ ಜರ್ಮನ್ ಪಾಠದಲ್ಲಿ ಓದಿದ್ದೆ. ಆದರೆ ಆ ಜಾಗಗಳಲ್ಲಿ ಸಮುದ್ರವೂ ಇಲ್ಲ, ಕೆರೆಯೂ ಇಲ್ಲ.
— ಬೆಟಗೇರಿ, ಗದಗ

ಜರ್ಮನ್ ಕಲಿತವರೆಲ್ಲ ಎಡವುವ ಜಾಗ ಇದು. ಜರ್ಮನ್‌ನಲ್ಲಿ ‘ಮೇರ್’ ಸಮುದ್ರ, ‘ಝೇ’ ಎಂದರೆ ಹೆಚ್ಚಾಗಿ ಸರೋವರ. ಡಚ್ಚಿನಲ್ಲಿ ತಿರುಗಾಮುರುಗಾ: ‘ಮೇರ್’ ಸರೋವರ, ‘ಝೇ’ ಸಮುದ್ರ. 1932ರ ಮೇ 28ರಂದು ಅಫ್‌ಸ್ಲೌಟ್‌ಡೆಯ್ಕ್ ಎಂಬ ದೊಡ್ಡ ಏರಿ ಕಟ್ಟಿ ಝೌಡರ್‌ಝೇ ಎಂಬ ಸಮುದ್ರಖಂಡದ ಬಾಯಿ ಮುಚ್ಚಿದರು. ಐಸೆಲ್ ನದಿಯ ನೀರು ತುಂಬುತ್ತ ಅದು ಸಿಹಿನೀರಾಯಿತು, ಹೆಸರೂ ಐಸೆಲ್‌ಮೇರ್ ಎಂದಾಯಿತು. ನೀರಿನ ಗುಣ ಬದಲಾದಾಗ ಹೆಸರಿನ ಬಾಲವನ್ನೂ ಬದಲಿಸಿದ್ದು ನಮಗೆ ಅತ್ಯಂತ ಸರಿಯಾದ ಕೆಲಸವಾಗಿ ಕಾಣುತ್ತದೆ.

ಇನ್ನು ಕೆರೆಯೇ ಇಲ್ಲವೆಂಬ ಮಾತು. ಕೆರೆ ಇತ್ತು, ಅದನ್ನು ಬರಿದು ಮಾಡಿದರು. ಮೊದಲು ಸರೋವರದ ಸುತ್ತ ವರ್ತುಲಾಕಾರದ ಏರಿ ಕಟ್ಟುವುದು, ಏರಿಯ ಹೊರಗೆ ಕಾಲುವೆ ತೋಡುವುದು, ಗಾಳಿಗಿರಣಿಗಳಿಂದ ನೀರೆತ್ತಿ ಆ ಕಾಲುವೆಗೆ ಸುರಿಯುವುದು. ಆಳ ಹೆಚ್ಚಿದ್ದರೆ ಒಂದು ಗಿರಣಿ ಸಾಲದು. ಒಂದು ಎತ್ತಿದ ನೀರನ್ನು ಮುಂದಿನದು ಎತ್ತುವಂತೆ ಮೂರು-ನಾಲ್ಕು ಗಿರಣಿಗಳನ್ನು ಮೆಟ್ಟಿಲಾಗಿ ನಿಲ್ಲಿಸುತ್ತಿದ್ದರು. ಹೀಗೆ ಬರಿದಾದ ಬೇಮ್‌ಸ್ಟರ್ 1612ರದು, ಸುಮಾರು 7,000 ಹೆಕ್ಟೇರ್. ಹಾರ್ಲೆಮ್ಮರ್‌ಮೇರ್ ಗಾಳಿಗಿರಣಿಗಳಿಗೆ ಬಗ್ಗಲಿಲ್ಲ. ಮೂರು ಹಬೆಯಂತ್ರದ ಪಂಪ್ ಕೇಂದ್ರಗಳು 1849ರಿಂದ 1852ರ ತನಕ ಎಡೆಬಿಡದೆ ನೀರೆತ್ತಿ ಅದನ್ನು ಒಣಗಿಸಿದವು. ಇಂದು ಸ್ಖಿಪೊಲ್ ವಿಮಾನ ನಿಲ್ದಾಣ ಇರುವುದು ಆ ಸರೋವರದ ತಳದಲ್ಲಿ, ಸಮುದ್ರಮಟ್ಟಕ್ಕಿಂತ ಮೂರು ಮೀಟರಿಗೂ ಹೆಚ್ಚು ಕೆಳಗೆ.

ಝೂಟರ್‌ಮೇರ್ ಎಂದರೆ ಸಿಹಿನೀರಿನ ಸರೋವರ. ಅದೂ ಹದಿನೇಳನೆಯ ಶತಮಾನದ ಮೊದಲಲ್ಲೇ ಬರಿದಾಯಿತು. ಪುರ್ಮರೆಂಡ್ ಪಟ್ಟಣದ ಹೆಸರು ‘ಪುರ್ಮರ್‌ನ ತುದಿ’. ಪುರ್ಮರ್ ಸರೋವರ 1622ರಲ್ಲಿ ಬರಿದಾದರೂ ತುದಿ ಉಳಿದಿದೆ.

ಯೂಟ್ರೆಕ್ಟ್ ಮತ್ತು ಮಾಸ್ಟ್ರಿಕ್ಟ್ ಎರಡರಲ್ಲೂ ‘ಟ್ರೆಕ್ಟ್, ಟ್ರಿಕ್ಟ್’ ಏನು?
— ಹಾವೇರಿ

ಲ್ಯಾಟಿನ್‌ನ ‘ತ್ರಾಯೆಕ್ತುಂ’, ನದಿ ದಾಟುವ ಕಡವು. ರೋಮನ್ನರ ಗಡಿ ರೈನ್ ನದಿಗುಂಟ ಇತ್ತು. ಅದರ ಒಂದು ಕಡವಿನಲ್ಲಿ ಕ್ರಿಸ್ತಶಕ ಮೊದಲ ಶತಮಾನದಲ್ಲಿ ಕೋಟೆ ಎದ್ದಿತು. ಹೆಸರು ಸವೆದು ‘ತ್ರೆಖ್ತ್’ ಆಯಿತು. ದಕ್ಷಿಣದಲ್ಲಿ ಮಾಸ್ ನದಿಯ ಮೇಲೂ ಇಂಥದೇ ಕಡವು ಇತ್ತು. ಆದ್ದರಿಂದ ಒಂದಕ್ಕೆ ನದಿಯ ಹೆಸರು ಸೇರಿ ಮಾಸ್ಟ್ರಿಕ್ಟ್ ಆಯಿತು, ರೈನ್ ಕಡವಿಗೆ ‘ಹೊಳೆಯಿಳಿವಿನ’ ಎಂಬರ್ಥದ ‘ಯೂತ್’ ಸೇರಿ ಯೂಟ್ರೆಕ್ಟ್ ಆಯಿತು. ನೇಯ್ಮೇಗೆನ್ ನಗರದ ಹೆಸರು ಕೆಲ್ಟಿಕ್ ಮಾತಿನ ‘ನೊವಿಯೊಮಾಗಸ್’, ಹೊಸ ಬಯಲು ಅಥವಾ ಹೊಸ ಸಂತೆ. ಜರ್ಮನಿಕ್ ಮಾತಿನಲ್ಲೂ ಕಡವಿಗೆ ಪದವಿದೆ: ‘ವೋರ್ತ್’. ಆಮರ್ಸ್‌ಫೋರ್ತ್ ಎಂದರೆ ಆಮರ್ ಹೊಳೆಯ ಕಡವು.

ನಿಘಂಟು ಇಟ್ಟುಕೊಂಡು ನಕಾಶೆ ಓದಿದೆ. ‘ಬ್ರೂಕ್’ ಎಂದರೆ ಪ್ಯಾಂಟ್ ಅಂತಿದೆ. ಊರಿಗೆ ಪ್ಯಾಂಟ್ ಅಂತ ಹೆಸರಿಡುತ್ತಾರೆಯೇ?
— ರಾಣೆಬೆನ್ನೂರು

ಇವತ್ತಿನ ನಿಘಂಟು ಊರ ಹೆಸರಿಗೆ ಸಾಕ್ಷಿ ಹೇಳಲಾರದು. ಊರ ಹೆಸರಿನ ‘ಬ್ರೂಕ್’ ಜೌಗು ನೆಲ. ಆಡುಮಾತಿನಲ್ಲಿ ಆ ಪದ ಸತ್ತಿದೆ, ಬಟ್ಟೆಯ ಹೆಸರು ಮಾತ್ರ ಬದುಕಿದೆ. ಬ್ರೂಕ್ ಇನ್ ವಾಟರ್‌ಲಾಂಡ್ ಎಂಬ ಹಳ್ಳಿ ಇರುವುದೂ ನೀರಿನ ನಾಡಿನಲ್ಲೇ. ಹೂಕ್ ವಾನ್ ಹಾಲೆಂಡ್ ಎಂಬುದನ್ನು ಇಂಗ್ಲಿಷರು ಕೊಕ್ಕೆ ಎಂದುಕೊಂಡರು, ಅದು ಮೂಲೆ. ಸಮುದ್ರತೀರದ ಮೊನ್ಸ್ಟರ್ ಹಳ್ಳಿಯಲ್ಲಿ ಯಾವ ರಾಕ್ಷಸನೂ ಇಲ್ಲ, ಅದು ಲ್ಯಾಟಿನ್‌ನ ‘ಮೊನಾಸ್ತೇರಿಯುಂ’, ಮಠ. ‘ಬೆರ್ಖ್’ ಕಂಡರೆ ಬೆಟ್ಟ ಹುಡುಕಬೇಡಿ. ಆ ಚಪ್ಪಟೆ ನಾಡಿನಲ್ಲಿ ನಾಲ್ಕಾಳೆತ್ತರದ ಮರಳುದಿಬ್ಬವೂ ಬೆಟ್ಟವೇ.

ನಕಾಶೆಯಲ್ಲಿ ಪದೇಪದೇ ಕಾಣುವ ಇನ್ನು ಕೆಲವು: ‘ಡೆಯ್ಕ್’ ಏರಿ, ‘ಸ್ಲೌಸ್’ ಮತ್ತು ಉತ್ತರದ ‘ಝೆಯ್ಲ್’ ತೂಬು, ‘ವೇನ್’ ಪೀಟ್ ನೆಲ, ‘ಲೋ’ ಕಾಡು, ‘ರೋಡೆ’ ಕಡಿದು ಬೇಸಾಯಕ್ಕೆ ತಂದ ಕಾಡು, ‘ಹೊರ್ಸ್ಟ್’ ಪೊದೆ ಬೆಳೆದ ದಿಣ್ಣೆ, ‘ಮೊಂಡ್’ ಹಾಗೂ ‘ಮೌಡೆನ್’ ಹೊಳೆಬಾಯಿ, ‘ಹೋವೆನ್’ ತೋಟದಮನೆಗಳು. ಡೆಲ್ಫ್ಟ್ ನಗರದ ಹೆಸರು ‘ಅಗೆದದ್ದು’, ಅಂದರೆ ತೋಡಿದ ಕಾಲುವೆ. ಡೆಲ್ಫ್‌ಝೆಯ್ಲ್ ಅಂಥ ಕಾಲುವೆಯ ತೂಬು.

ಫ್ರೀಸ್‌ಲೆಂಡ್ ಪ್ರಾಂತದಲ್ಲಿ ಡೊಕ್ಕುಮ್, ಹಲ್ಲುಮ್, ವರ್ಕುಮ್ ಹೀಗೆ ಎಲ್ಲ ‘ಉಮ್’. ಬೇರೆ ಕಡೆ ಇಷ್ಟು ಕಾಣುವುದಿಲ್ಲ. ಕಾರಣವೇನು?
— ನವಲಗುಂದ

‘ಉಮ್’ ಎಂದರೆ ‘ಹೆಯ್ಮ್’, ಮನೆ-ನೆಲೆ. ಫ್ರೀಸಿಯನ್ ಬಾಯಲ್ಲಿ ಹಕಾರ ಬಿದ್ದು ಸ್ವರ ಮೊಟಕಾಯಿತು. ದಕ್ಷಿಣಕ್ಕೆ ಬಂದರೆ ಅದೇ ಪದ ಆರ್ನ್‌ಹೆಮ್‌ನಲ್ಲಿ ‘ಹೆಮ್’, ಹಾರ್ಲೆಮ್‌ನಲ್ಲಿ ‘ಎಮ್’. ಹಾರ್ಲೆಮ್ ಮೂರು ತುಂಡಿನ ಹೆಸರು: ‘ಹಾರ್’ ಮರಳಿನ ಎತ್ತರ, ‘ಲೋ’ ಕಾಡು, ‘ಹೆಯ್ಮ್’ ನೆಲೆ.

ಉತ್ತರದ ಹಳ್ಳಿಗಳ ವಿಶೇಷ ಅವು ಕುಳಿತ ದಿಬ್ಬಗಳು. ಏರಿ ಕಟ್ಟುವುದನ್ನು ಕಲಿಯುವ ಮೊದಲೇ, ಕ್ರಿಸ್ತಪೂರ್ವ ಕಾಲದಿಂದಲೂ, ಜನ ಮಣ್ಣು, ಸಗಣಿ, ಕಸ ಒಟ್ಟುತ್ತ ಮನೆಯಡಿಯ ನೆಲವನ್ನು ಎತ್ತರಿಸಿಕೊಂಡರು. ಫ್ರೀಸ್‌ಲೆಂಡಿನಲ್ಲಿ ಇದು ‘ತೆರ್ಪ್’, ಪಕ್ಕದ ಗ್ರೋನಿಂಗೆನ್‌ನಲ್ಲಿ ‘ವೀರ್ದೆ’. ಹೆಗೆಬೆಯ್ಂತುಮ್‌ನ ದಿಬ್ಬ ಸುಮಾರು 9 ಮೀಟರ್, ಎಲ್ಲಕ್ಕಿಂತ ಎತ್ತರದ್ದು. ‘ವೆರ್ದ್, ವಾರ್ಡ್’ ಎಂಬ ಬಾಲಗಳೂ ಇಂಥ ದಿಬ್ಬವನ್ನೇ ಹೇಳುತ್ತವೆ. ಪ್ರಾಂತದ ರಾಜಧಾನಿ ಲೇವಾರ್ಡೆನ್‌ನಲ್ಲೂ ಇರುವುದು ಅದೇ. ಬೆಣ್ಣಿಹಳ್ಳ ಉಕ್ಕಿದಾಗ ಯಾವ ಮನೆಗೆ ನೀರು ನುಗ್ಗುತ್ತದೆ, ಯಾವುದಕ್ಕೆ ಇಲ್ಲ ಎಂದು ಬಲ್ಲ ನಿಮ್ಮ ಕಡೆಯವರಿಗೆ ಆ ನಾಲ್ಕೆಂಟು ಮೀಟರಿನ ಬೆಲೆ ವಿವರಿಸಬೇಕಿಲ್ಲ.

ಅಲ್ಲಿ ಫ್ರೀಸಿಯನ್ ಕೂಡ ಆಡಳಿತ ಭಾಷೆ. ಊರ ಫಲಕದಲ್ಲಿ ಎರಡು ಹೆಸರು ಕಂಡರೆ ಗೊಂದಲ ಬೇಡ: ಲೇವಾರ್ಡೆನ್ ಮತ್ತು ಲ್ಯೌವರ್ಟ್ ಒಂದೇ, ಸ್ನೇಕ್ ಮತ್ತು ಸ್ನಿಟ್ಸ್ ಒಂದೇ.

ಊರ ಹೆಸರಿನ ಅರ್ಥವನ್ನು ನಾನೇ ಹುಡುಕಬೇಕು ಎಂದರೆ ಎಲ್ಲಿಂದ ಆರಂಭಿಸಲಿ? ನಮ್ಮ ಊರುಗಳಿಗೂ ಈ ಕ್ರಮ ಒಗ್ಗುತ್ತದೆಯೇ?
— ಲಕ್ಷ್ಮೇಶ್ವರ

ಒಗ್ಗುತ್ತದೆ, ಮತ್ತು ನಿಮ್ಮ ಊರೇ ಒಳ್ಳೆಯ ಪಾಠ.

ಮೊದಲು ಹೆಸರಿನ ಕೊನೆಯ ತುಂಡನ್ನು ಬಿಡಿಸಿ. ಕನ್ನಡದಂತೆ ಡಚ್ಚಿನಲ್ಲೂ ಸಮಾಸದ ಮುಖ್ಯ ಪದ ಕೊನೆಗೆ ಬರುತ್ತದೆ. ಅದು ಜಾಗದ ಜಾತಿಯನ್ನು ಹೇಳುತ್ತದೆ: ಒಡ್ಡು, ಕಾಡು, ಕಡವು. ಮುಂದಿನ ತುಂಡು ಯಾರದು, ಯಾವುದು ಎಂಬುದನ್ನು ಹೇಳುತ್ತದೆ. ಆದರೆ ಇಲ್ಲಿ ನಿಂತು ತೀರ್ಪು ಕೊಡಬೇಡಿ. ಹತ್ತರಲ್ಲಿ ಒಂಬತ್ತು ತಪ್ಪು ಅರ್ಥಗಳು ಇಂದಿನ ರೂಪವನ್ನೇ ಸೀಳಿ ನೋಡಿದ್ದರಿಂದ ಹುಟ್ಟಿದವು.

ಎರಡನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಅತಿ ಹಳೆಯ ಲಿಖಿತ ರೂಪ. ಸಿಕ್ಕ ದಾಖಲೆ ಮೂಲವೋ, ಇನ್ನೂರು ವರ್ಷದ ನಂತರದ ನಕಲೋ ನೋಡಿ. ನಕಲು ಮಾಡಿದವನು ತನ್ನ ಕಾಲದ ಉಚ್ಚಾರಕ್ಕೆ ಹೆಸರನ್ನು ತಿದ್ದಿರುತ್ತಾನೆ. ಲಕ್ಷ್ಮೇಶ್ವರ ಎಂಬ ಹೆಸರನ್ನು ಎಷ್ಟು ಸೀಳಿದರೂ ಊರಿನ ಹಳೆಯ ಗುರುತು ಸಿಗದು. ಶಾಸನ ನೋಡಿದರೆ ‘ಪುಲಿಗೆರೆ’ ಸಿಗುತ್ತದೆ, ಆಮೇಲೆ ‘ಹುಲಿಗೆರೆ’. ಹಳಗನ್ನಡದ ಪಕಾರ ಹಕಾರವಾದ ನಿಯಮ ಗೊತ್ತಿದ್ದರೆ ‘ಪಾನುಂಗಲ್’ ಹಾನಗಲ್ ಆದದ್ದೂ ತಿಳಿಯುತ್ತದೆ. ‘ಲೊಕ್ಕಿಗುಂಡಿ’ ಲಕ್ಕುಂಡಿಯಾದದ್ದು, ‘ಧರ್ಮವೊಳಲ್’ ಡಂಬಳವಾದದ್ದು ಕೂಡ ಶಾಸನ ಇಲ್ಲದೆ ಊಹಿಸಲಾಗದ ಸಂಗತಿಗಳು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ ಪ್ರಕಟಿಸಿದ ಶಾಸನ ಸಂಪುಟಗಳು ಈ ಕೆಲಸಕ್ಕೆ ಮೊದಲ ಮೆಟ್ಟಿಲು. ಡಚ್ ಹೆಸರುಗಳಿಗೆ ಆಮ್‌ಸ್ಟರ್‌ಡ್ಯಾಮ್‌ನ ಮೇರ್ಟೆನ್ಸ್ ಸಂಸ್ಥೆ ಇದೆ.

ಮೂರನೆಯದು ನೆಲ. ಹೆಸರು ‘ಜೌಗು’ ಎಂದರೆ ಅಲ್ಲಿ ಜೌಗು ಇರಬೇಕು, ಅಥವಾ ಇದ್ದಿರಬೇಕು. ನೆದರ್ಲೆಂಡ್ಸ್‌ಗೆ ಎರಡು ಉಚಿತ ಸಾಧನಗಳಿವೆ. ಭೂದಾಖಲೆ ಇಲಾಖೆಯಾದ ಕಡಾಸ್ಟರ್‌ನ ‘ಟೊಪೊಟೆಯ್ಡ್‌ರೆಯ್ಸ್’ನಲ್ಲಿ ಸುಮಾರು ಇನ್ನೂರು ವರ್ಷದ ನಕಾಶೆಗಳನ್ನು ವರ್ಷ ಜರುಗಿಸುತ್ತ ನೋಡಬಹುದು. ‘ಎಎಚ್‌ಎನ್’ ಎಂಬ ಎತ್ತರದ ನಕಾಶೆ ಇಡೀ ದೇಶದ ನೆಲಮಟ್ಟ ಕೊಡುತ್ತದೆ. ಅಲ್ಲಿನ ಸೊನ್ನೆ ‘ಎನ್‌ಎಪಿ’, ಆಮ್‌ಸ್ಟರ್‌ಡ್ಯಾಮ್‌ನ ನೀರಿನ ಅಳತೆಯಿಂದ ಬಂದ ಮಟ್ಟ. ಋಣಚಿಹ್ನೆ ಇದ್ದರೆ ಅದಕ್ಕಿಂತ ಕೆಳಗೆ. ದೇಶದ ಅತಿ ತಗ್ಗು, ನ್ಯೂವರ್‌ಕೆರ್ಕ್ ಬಳಿಯದು, ಋಣ 6.76 ಮೀಟರ್ ಎಂದು ಕಾಣಿಸುತ್ತದೆ.

ಆಮೇಲೆ ನೆರೆಯ ಊರುಗಳನ್ನು ಸಾಲಾಗಿ ಬರೆದು ನೋಡಿ. ಒಂದು ‘ವೇನ್’ ಅನುಮಾನ, ಸುತ್ತ ಐದು ‘ವೇನ್’ ಇದ್ದರೆ ಅದು ಪೀಟ್ ಕಡಿದ ನಾಡು.

ತಪ್ಪುವುದು ಎಲ್ಲಿ? ಬೇರೆ ಬೇರೆ ಮೂಲಗಳು ಸವೆದು ಒಂದೇ ಆಕಾರಕ್ಕೆ ಬಂದಾಗ. ನಮ್ಮಲ್ಲಿ ಹೆಸರಿನ ಕೊನೆಯ ‘ಗೇರಿ’ ಕೆರೆಯೂ ಆಗಬಹುದು, ಕೇರಿಯೂ ಆಗಬಹುದು. ಶಾಸನದ ರೂಪ ಸಿಗದೆ ಹೇಳಕೂಡದು. ಇನ್ನೊಂದು ಅಪಾಯ ಕತೆ. ಕಿಂಡರ್‌ಡೆಯ್ಕ್ ಎಂದರೆ ‘ಮಕ್ಕಳ ಏರಿ’. 1421ರ ಸಂತ ಎಲಿಜಬೆತ್ ಪ್ರವಾಹದಲ್ಲಿ ತೊಟ್ಟಿಲೊಂದು ತೇಲಿಬಂತು, ಬೆಕ್ಕು ಅತ್ತಿತ್ತ ಹಾರುತ್ತ ಅದನ್ನು ಮಗುಚದಂತೆ ಕಾಯಿತು ಎಂಬ ಕತೆ ಹೇಳುತ್ತಾರೆ. ಕತೆ ಸೊಗಸು, ಪ್ರವಾಹ ನಿಜ. ಆದರೆ ಹೆಸರು ಇದ್ದದ್ದಕ್ಕೆ ಕತೆ ಹೊಂದಿಸಿದ್ದೋ, ಘಟನೆಯಿಂದ ಹೆಸರು ಬಂದದ್ದೋ ಎಂದು ಕೇಳದೆ ಅದನ್ನು ಪುರಾವೆ ಎನ್ನಬಾರದು. ‘ಹಿಂದೆ ಒಬ್ಬ ರಾಜ ಇಲ್ಲಿ ಬಂದಾಗ’ ಎಂದು ಶುರುವಾಗುವ ಸ್ಥಳಪುರಾಣಗಳಿಗೂ ಇದೇ ಪರೀಕ್ಷೆ.

ಕನ್ನಡದಲ್ಲಿ ಡಚ್ ಹೆಸರು ಬರೆಯುವಾಗ ಇಂಗ್ಲಿಷ್ ಉಚ್ಚಾರ ಹಿಡಿಯಬೇಕೋ, ಡಚ್ಚರದೋ?
— ಮಾಳಮಡ್ಡಿ, ಧಾರವಾಡ

ಆಮ್‌ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್ ರೂಢಿಯಾಗಿವೆ, ಹಾಗೇ ಇರಲಿ. ಉಳಿದ ಕಡೆ ಡಚ್ ಉಚ್ಚಾರ ಹಿಡಿಯುವುದೇ ವಾಸಿ, ಕನ್ನಡ ಲಿಪಿಗೆ ಅದು ಕಷ್ಟವಲ್ಲ. ಐ-ಜೆ ಜೋಡಿಯನ್ನು ‘ಎಯ್’ ಎನ್ನಿ. ಹೆಸರಿನ ಮೊದಲಿಗೆ ಬಂದಾಗ ಡಚ್ಚರು ಆ ಎರಡನ್ನೂ ದೊಡ್ಡಕ್ಷರದಲ್ಲಿ ಬರೆಯುತ್ತಾರೆ, ಅದು ಅಚ್ಚಿನ ತಪ್ಪಲ್ಲ. ಓ-ಇ ಜೋಡಿ ‘ಊ’. ಜಿ ಮತ್ತು ಸಿ-ಎಚ್‌ಗೆ ಗಂಟಲಿನ ಖ, ಹುಬ್ಬಳ್ಳಿಯ ಉರ್ದು ಮಾತಿನವರು ‘ಖಬರ್’ ಎನ್ನುವಾಗಿನದು. ಆದ್ದರಿಂದ ಗೌಡಾ ಚೀಸ್‌ನ ಊರು ಅಲ್ಲಿಯವರ ಬಾಯಲ್ಲಿ ‘ಖೌದಾ’, ಗೌವೆ ಹೊಳೆಯಿಂದ ಬಂದ ಹೆಸರು. ಕೊನೆಯ ‘ಎನ್’ ಮಾತಿನಲ್ಲಿ ಬಹುಮಟ್ಟಿಗೆ ಬಿಟ್ಟುಹೋಗುತ್ತದೆ, ಬರಹದಲ್ಲಿ ಬಿಡಬೇಡಿ. ಕೊನೆಯ ‘ಡ’ ಕೇಳುವುದು ‘ಟ’ ಎಂದು: ರೂರ್‌ಮೊಂಡ್ ಅನ್ನು ‘ರೂರ್‌ಮೊಂಟ್’ ಎನ್ನುತ್ತಾರೆ.

ಬ್ರೂಕ್ಲಿನ್, ಹಾರ್ಲೆಮ್ ನ್ಯೂಯಾರ್ಕಿನಲ್ಲೂ ಇವೆಯಲ್ಲ? ಹಾಲೆಂಡ್ ಅನ್ನುವುದು ತಪ್ಪೇ?
— ಶಿಗ್ಗಾಂವಿ

ಹೌದು, ಅಲ್ಲಿಂದಲೇ ಹೋದವು. 1664ರಲ್ಲಿ ಇಂಗ್ಲಿಷರ ವಶವಾಗುವ ತನಕ ನ್ಯೂಯಾರ್ಕ್ ಡಚ್ಚರದು. ಬ್ರೂಕ್ಲಿನ್ ಎಂದರೆ ಯೂಟ್ರೆಕ್ಟ್ ಬಳಿಯ ಬ್ರೂಕೆಲೆನ್, ಹಾರ್ಲೆಮ್ ಅದೇ ಹಾರ್ಲೆಮ್, ಫ್ಲಶಿಂಗ್ ಎಂದರೆ ಫ್ಲಿಸಿಂಗೆನ್. ದಕ್ಷಿಣ ಅಮೆರಿಕದ ಕೇಪ್ ಹಾರ್ನ್‌ಗೆ 1616ರಲ್ಲಿ ಹೆಸರು ಕೊಟ್ಟದ್ದು ಹೋರ್ನ್ ಪಟ್ಟಣ. ನ್ಯೂಜಿಲೆಂಡಿನ ಹಿಂದೆ ಝೇಲೆಂಡ್ ಪ್ರಾಂತ ಇದೆ.

ಹಾಲೆಂಡ್ ಎಂಬುದು ನೆದರ್ಲೆಂಡ್ಸ್ ದೇಶದ ಒಂದು ಭಾಗ, ಉತ್ತರ ಮತ್ತು ದಕ್ಷಿಣ ಎಂಬ ಎರಡು ಪ್ರಾಂತ. ಹಾಲೆಂಡ್ ಎಂದರೆ ‘ಟೊಳ್ಳು ನೆಲ’ ಎಂದುಕೊಳ್ಳಬೇಡಿ. ಹಳೆಯ ರೂಪ ‘ಹೋಲ್ಟ್‌ಲಾಂಡ್’, ಮರಗಳ ನಾಡು. ‘ತಗ್ಗಿನ ನಾಡುಗಳು’ ಎಂಬ ಅರ್ಥ ಇರುವುದು ನೆದರ್ಲೆಂಡ್ಸ್‌ಗೆ. ದೇಶದ ಹೆಸರು ಅದೇ.

ಸಮುದ್ರ ಬಸಿದು ಮಾಡಿದ ಹೊಸ ನೆಲದಲ್ಲಿ ಹಳೆಯ ಊರೇ ಇರಲಿಲ್ಲ. ಅಲ್ಲಿ ಹೆಸರು ಎಲ್ಲಿಂದ ತಂದರು?
— ಬ್ಯಾಡಗಿ

ಹೆಚ್ಚಿನವನ್ನು ನೀರಿನಡಿ ಹೋದ ಚರಿತ್ರೆಯಿಂದಲೇ ತಂದರು, ಅದು ಒಳ್ಳೆಯ ತೀರ್ಮಾನ. ಉತ್ತರ-ಪೂರ್ವ ಪೋಲ್ಡರ್ (ಏರಿ ಕಟ್ಟಿ ನೀರು ಬಸಿದು ಪಡೆದ ನೆಲ) 1942ರಲ್ಲಿ ಒಣಗಿತು. ಅದರ ನಡುವಿನ ಪಟ್ಟಣಕ್ಕೆ ಎಮ್ಮೆಲೋರ್ಡ್ ಎಂದಿಟ್ಟರು. ಅದು 1859ರಲ್ಲಿ ಸರಕಾರ ಜನರನ್ನು ತೆರವು ಮಾಡಿಸಿದ ಸ್ಖೋಕ್‌ಲಾಂಡ್ ದ್ವೀಪದ ಒಂದು ಹಳ್ಳಿಯ ಹೆಸರು. ಎಮ್ಮೆಲೋರ್ಡ್‌ನ ಸುತ್ತ ಸೈಕಲ್ ತುಳಿದು ಬರುವಷ್ಟು ದೂರದಲ್ಲಿ ಹತ್ತು ಹಳ್ಳಿಗಳನ್ನು ವರ್ತುಲವಾಗಿ ಕಟ್ಟಿದರು. ಅವುಗಳಲ್ಲಿ ಎನ್ಸ್ ಎಂಬುದೂ ಆ ದ್ವೀಪದ್ದೇ. ಅಲ್ಮೇರೆಯ ಮೊದಲ ಮನೆಗಳು 1976ರವು, ಹೆಸರು ಮಾತ್ರ ಝೌಡರ್‌ಝೇ ಇನ್ನೂ ಸರೋವರವಾಗಿದ್ದ ಮಧ್ಯಯುಗದ್ದು. ಪ್ರಾಂತದ ಹೆಸರಾದ ಫ್ಲೇವೊಲೆಂಡ್, ಅದೇ ಸರೋವರವನ್ನು ರೋಮನ್ನರು ಫ್ಲೇವೊ ಎಂದು ಕರೆದದ್ದರಿಂದ ಬಂತು.

ವ್ಯಕ್ತಿಯ ಹೆಸರು ಸಿಕ್ಕಿದ್ದು ಲೆಲಿಸ್ಟಾಡ್‌ಗೆ. ಝೌಡರ್‌ಝೇ ಮುಚ್ಚುವ ಯೋಜನೆ ರೂಪಿಸಿ, ಮಂತ್ರಿಯಾಗಿ ಅದಕ್ಕೆ ಕಾನೂನಿನ ಬಲ ತಂದ ಎಂಜಿನಿಯರ್ ಕೊರ್ನೆಲಿಸ್ ಲೆಲಿ 1929ರಲ್ಲಿ ತೀರಿಕೊಂಡರು, ಏರಿ ಪೂರ್ತಿಯಾಗುವ ಮೂರು ವರ್ಷ ಮೊದಲು. ಅವರ ಹೆಸರಿನ ಊರಿಗೆ 1967ರಲ್ಲಿ ಜನ ಬಂದರು. 1986ರ ಜನವರಿ 1ರಂದು ಫ್ಲೇವೊಲೆಂಡ್ ಹನ್ನೆರಡನೆಯ ಪ್ರಾಂತವಾದಾಗ ಲೆಲಿಸ್ಟಾಡ್ ಅದರ ರಾಜಧಾನಿಯಾಯಿತು.